ಎರಡು ಬಾಟಲಿಯಲ್ಲೂ ‘ಮೊಂಟೆಪುಲ್ಚಾನೊ’, ಒಳಗಿರೋದು ಬೇರೆ ಬೇರೆ: ಇಟಲಿ, ಸ್ಪೇನ್, ಪೋರ್ಚುಗಲ್ ಲೇಬಲ್ ಓದೋದು ಹೇಗೆ?

ಕೆಂಪುಸೀಸೆ
ಅಂಗಡಿ ಕಪಾಟಿನಲ್ಲಿ ಅಕ್ಕಪಕ್ಕ ಎರಡು ಬಾಟಲಿ. ಒಂದರ ಮೇಲೆ ‘ವೀನೊ ನೋಬಿಲೆ ದಿ ಮೊಂಟೆಪುಲ್ಚಾನೊ’, ಇನ್ನೊಂದರ ಮೇಲೆ ‘ಮೊಂಟೆಪುಲ್ಚಾನೊ ದಬ್ರುತ್ಸೊ’. ಬೆಲೆಯಲ್ಲಿ ಭಾರಿ ಅಂತರ, ಬಣ್ಣ ಬೇರೆ, ರುಚಿನೂ ಬೇರೆ. ಆಸ್ಟ್ರೇಲಿಯಾದವರು ದ್ರಾಕ್ಷಿ ಹೆಸರು ಬರೀತಾರೆ, ಫ್ರಾನ್ಸಿನವರು ಹೆಚ್ಚಾಗಿ ಊರಿನ ಹೆಸರು ಬರೀತಾರೆ, ಅದು ಅರ್ಥ ಆಗುತ್ತೆ. ಇಟಲಿ, ಸ್ಪೇನ್, ಪೋರ್ಚುಗಲ್‌ನವರು ಯಾವುದನ್ನೂ ನೆಟ್ಟಗೆ ಹೇಳಲ್ವಲ್ಲ!

ಕೇಳಬೇಕಾದ್ದು ಮೂರು. ಹೆಸರು ಊರಿನದೋ ದ್ರಾಕ್ಷಿಯದೋ ಅಂತ ತಿಳಿಯೋದು ಹೇಗೆ? ರಿಸರ್ವಾ, ಕ್ರಿಯಾನ್ಸಾ ಅನ್ನೋದಕ್ಕೆ ಕಾನೂನಿನ ಬಲ ಇದೆಯಾ, ಬರೀ ಜಾಹೀರಾತಾ? ಒಂದೇ ದ್ರಾಕ್ಷಿಗೆ ಗಡಿ ದಾಟಿದ ಕೂಡಲೇ ಹೆಸರು ಬದಲಾಗುತ್ತಂತಲ್ಲ, ಯಾವ್ಯಾವುದು?

ಬರೋಲೊ_ಭಟ್ಟ
ಮೊದಲ ಬಾಟಲಿಯ ಮೊಂಟೆಪುಲ್ಚಾನೊ ಟಸ್ಕನಿಯ ಒಂದು ಊರು. ಒಳಗಿರೋದು ಸಾಂಜೊವೇಸೆ ದ್ರಾಕ್ಷಿ, ಕನಿಷ್ಠ 70%. ಅಲ್ಲಿಯವರು ಅದನ್ನ ಪ್ರುನ್ಯೋಲೊ ಜೆಂಟೀಲೆ ಅಂತಾರೆ. 2 ವರ್ಷ ಇಟ್ಟ ಮೇಲೇ ಮಾರಬೇಕು. ಎರಡನೇ ಬಾಟಲಿಯಲ್ಲಿ ಮೊಂಟೆಪುಲ್ಚಾನೊ ಅನ್ನೋದು ದ್ರಾಕ್ಷಿ ತಳಿ, ಊರು ಅಬ್ರುತ್ಸೊ, ಆಡ್ರಿಯಾಟಿಕ್ ಕಡಲ ಬದಿಯ ಪ್ರಾಂತ. ಅಲ್ಲಿ ಆ ತಳಿ ಕನಿಷ್ಠ 85% ಇರಬೇಕು. ಎರಡಕ್ಕೂ ಸಂಬಂಧವೇ ಇಲ್ಲ.

ಗಾಜಿನಲ್ಲಿ ನೋಡಿದರೂ ಗೊತ್ತಾಗುತ್ತೆ. ಸಾಂಜೊವೇಸೆ ಅಷ್ಟೊಂದು ಕಪ್ಪಗಿರಲ್ಲ, ಹುಳಿ ಮುಂದು, ಹುಳಿ ಚೆರ್ರಿಯ ವಾಸನೆ. ಮೊಂಟೆಪುಲ್ಚಾನೊ ತಳಿ ಗಾಢ ನೇರಳೆ, ಹುಳಿ ಸಾಧಾರಣ, ಬಾಯಿಗೆ ದುಂಡು. ಈ ತಳಿ ತಡವಾಗಿ ಹಣ್ಣಾಗೋದರಿಂದ ಇಟಲಿಯ ಉತ್ತರದ ಚಳಿಗೆ ಒಗ್ಗಲ್ಲ.

ಹುಬ್ಳಿ_ಗೊಂಚಲು
ಇಟಲಿ ಲೇಬಲ್ಲಿಗೆ ಒಂದು ಸೂತ್ರ ಐತ್ರಿ. ನಡುವ ‘ದಿ’ ಇಲ್ಲಾ ‘ದ’ ಬಂತಂದ್ರ ಎಡಕ್ಕಿರೋದು ದ್ರಾಕ್ಷಿ, ಬಲಕ್ಕಿರೋದು ಊರು. ಬರ್ಬೆರಾ ದಾಸ್ತಿ, ದೊಲ್ಚೆತ್ತೊ ದಾಲ್ಬಾ, ಫಿಯಾನೊ ದಿ ಅವೆಲ್ಲಿನೊ, ವೆರ್ಮೆಂಟೀನೊ ದಿ ಸಾರ್ದೆನ್ಯಾ. ಒಂದ ಹೆಸರಿತ್ತಂದ್ರ ಅದು ಊರು ಅಂತ ತಿಳ್ಕೋರಿ: ಬರೋಲೊ, ಬರ್ಬರೆಸ್ಕೊ, ಸೊವಾವೆ, ಗಾವಿ, ತೌರಾಸಿ. ಇಷ್ಟ ಗೊತ್ತಿದ್ರ ಸಾಕು.

ಬರೋಲೊ_ಭಟ್ಟ
ಸಾಕಾಗಲ್ಲ ಸ್ವಾಮಿ. ಬ್ರುನೆಲ್ಲೊ ದಿ ಮೊಂಟಲ್ಚೀನೊ, ಮೊರೆಲ್ಲೀನೊ ದಿ ಸ್ಕಾನ್ಸಾನೊ ಎರಡರಲ್ಲೂ ಎಡಕ್ಕಿರೋದು ಬೇರೆ ತಳಿ ಅಂತ ಅಂದುಕೊಂಡ್ರೆ ಕೆಟ್ಟಿರಿ. ಎರಡೂ ಸಾಂಜೊವೇಸೆಯ ಸ್ಥಳೀಯ ಹೆಸರು. ಬ್ರುನೆಲ್ಲೊ 100% ಸಾಂಜೊವೇಸೆ, ಮೊರೆಲ್ಲೀನೊ ಕನಿಷ್ಠ 85%. ‘ರೊಸ್ಸೊ ದಿ ಮೊಂಟಲ್ಚೀನೊ’ದಲ್ಲಿ ರೊಸ್ಸೊ ಅಂದ್ರೆ ಬರೀ ‘ಕೆಂಪು’; ಅದೇ ಊರು, ಅದೇ ದ್ರಾಕ್ಷಿ, ಬೇಗ ಬಿಡುಗಡೆ ಆದದ್ದು. ಬೆಲೆ ಅರ್ಧಕ್ಕಿಂತ ಕಡಿಮೆ ಇರೋದೂ ಉಂಟು. ಹೊಸಬರು ಬ್ರುನೆಲ್ಲೊಗೆ ದುಡ್ಡು ಸುರಿಯೋ ಮೊದಲು ಇದನ್ನ ಕುಡಿದು ನೋಡಬೇಕು.

ಕುಡ್ಲದಣ್ಣ
ಹಾಗಾದ್ರೆ ಬರೀ ಊರಿನ ಹೆಸರು ಇದ್ದಲ್ಲಿ ಒಳಗೆ ಎಂತ ಉಂಟು ಅಂತ ಯಾರಾದ್ರೂ ಒಂದು ಕಡೆ ಬರೆದು ಹಾಕಿ ಮಾರಾಯ್ರೆ. ಪ್ರತಿ ಸಲ ಹುಡುಕ್ಲಿಕ್ಕೆ ಆಗುದಿಲ್ಲ.

ನೆಬ್ಬಿಯಾ
ತಗೊಳ್ಳಿ. ಬರೋಲೊ, ಬರ್ಬರೆಸ್ಕೊ: ನೆಬ್ಬಿಯೋಲೊ ಮಾತ್ರ. ಗತ್ತಿನಾರಾ: ನೆಬ್ಬಿಯೋಲೊ ಕನಿಷ್ಠ 90%, ಅಲ್ಲಿ ಸ್ಪಾನಾ ಅಂತಾರೆ. ವಾಲ್ತೆಲ್ಲೀನಾ: ಅದೂ ನೆಬ್ಬಿಯೋಲೊನೇ, ಅಲ್ಲಿ ಕ್ಯಾವೆನ್ನಾಸ್ಕಾ. ಕ್ಯಾಂಟಿ ಕ್ಲಾಸಿಕೊ: ಸಾಂಜೊವೇಸೆ ಕನಿಷ್ಠ 80%, 2006ರಿಂದ ಬಿಳಿ ದ್ರಾಕ್ಷಿ ಬೆರೆಸುವಂತಿಲ್ಲ. ಬರೀ ‘ಕ್ಯಾಂಟಿ’: ಕನಿಷ್ಠ 70%. ತೌರಾಸಿ: ಅಲ್ಯಾನಿಕೊ. ಸೊವಾವೆ: ಗಾರ್ಗಾನೆಗಾ. ಗಾವಿ: ಕೊರ್ತೇಸೆ. ಎತ್ನಾ ರೊಸ್ಸೊ: ನೆರೆಲ್ಲೊ ಮಸ್ಕಲೇಸೆ ಕನಿಷ್ಠ 80%. ವಾಲ್ಪೊಲಿಚೆಲ್ಲಾ: ಕೊರ್ವೀನಾ ಮುಖ್ಯ, ಜೊತೆಗೆ ಕೊರ್ವಿನೋನೆ, ರೊಂಡಿನೆಲ್ಲಾ.

ಒಂದು ಎಚ್ಚರಿಕೆ. ಬರೋಲೊ ತೆಳ್ಳಗಿನ ಇಟ್ಟಿಗೆ ಬಣ್ಣದಲ್ಲಿ ಇರುತ್ತೆ, ನೀರು ಬೆರೆಸಿದ ಹಾಗೆ ಕಾಣುತ್ತೆ. ಅದನ್ನ ನೋಡಿ ಹಗುರ ವೈನ್ ಅಂದುಕೊಳ್ಳಬೇಡಿ. ಒಗರು ಮತ್ತು ಹುಳಿ ಎರಡೂ ತಾರಕಕ್ಕೇರಿರುತ್ತೆ. ಕೊಯ್ಲಿನ ನವೆಂಬರ್ 1ರಿಂದ ಲೆಕ್ಕ ಹಾಕಿ 38 ತಿಂಗಳು ಇಡಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ರಿಸರ್ವಾ ಆದ್ರೆ 62 ತಿಂಗಳು. ಎಳೆಯ ಬಾಟಲಿ ತೆಗೆದ್ರೆ ಅಗಲ ಬಾಯಿಯ ಜಾಡಿಗೆ ಸುರಿದು ಎರಡು ಗಂಟೆ ಬಿಡಿ. ಬಾಟಲಿ ಬಿರಡೆ ತೆಗೆದು ಸುಮ್ಮನೆ ಇಟ್ರೆ ಏನೂ ಆಗಲ್ಲ, ಆ ಸಣ್ಣ ಕತ್ತಿನಲ್ಲಿ ಎಷ್ಟು ಗಾಳಿ ಹೋದೀತು?

ಹುಬ್ಳಿ_ಗೊಂಚಲು
ಪ್ರೊಸೆಕ್ಕೊ ಅನ್ನೋ ಗುಳ್ಳಿ ಬರೋ ವೈನ್ ಬಿಟ್ರಲ್ರೀ. ಅದು ಮೊದಲ ದ್ರಾಕ್ಷಿ ಹೆಸರಾಗಿತ್ತು. 2009ರಾಗ ದ್ರಾಕ್ಷಿಗೆ ಗ್ಲೆರಾ ಅಂತ ಕರದು, ಪ್ರೊಸೆಕ್ಕೊ ಅನ್ನೋದನ್ನ ಜಾಗದ ಹೆಸರು ಮಾಡಿದ್ರು. ತ್ರಿಯೆಸ್ತೆ ಹತ್ರ ಆ ಹೆಸರಿನ ಊರ ಐತಿ. ದ್ರಾಕ್ಷಿ ಹೆಸರಾದ್ರ ಜಗತ್ತಿನ್ಯಾಗ ಯಾರು ಬೇಕಾದ್ರೂ ಬರೀಬಹುದು, ಊರಿನ ಹೆಸರಾದ್ರ ಹೊರಗಿನವ್ರನ್ನ ತಡಿಬಹುದು. ಲೆಕ್ಕಾಚಾರ ಅಷ್ಟ.

ಇನ್ನೊಂದು: ‘ಎಕ್ಸ್‌ಟ್ರಾ ಡ್ರೈ’ ಅಂತ ಬರದಿದ್ದು ‘ಬ್ರೂಟ್’ಗಿಂತ ಸಿಹಿ. ಬ್ರೂಟ್ ಲೀಟರಿಗೆ 12 ಗ್ರಾಂ ಸಕ್ಕರಿ ಒಳಗ, ಎಕ್ಸ್‌ಟ್ರಾ ಡ್ರೈ 12ರಿಂದ 17. ಸಿಹಿ ಬ್ಯಾಡ ಅನ್ನೋರು ಹೆಸರು ನೋಡಿ ಮೋಸ ಹೋಗ್ತಾರ.

ಓಕ್‌ಪೀಪಾಯಿ
ಎರಡನೇ ಪ್ರಶ್ನೆಗೆ ಬರೋಣ. ಸ್ಪೇನಿನಲ್ಲಿ ಅದು ಕಾನೂನು. ಅಲ್ಲಿನ ರಿಯೋಹಾ ಪ್ರಾಂತದ ಕೆಂಪು ವೈನಿನ ಲೆಕ್ಕ ಹೀಗಿದೆ: ಕ್ರಿಯಾನ್ಸಾ ಅಂದ್ರೆ ಒಟ್ಟು 2 ವರ್ಷ, ಅದರಲ್ಲಿ ಕನಿಷ್ಠ 1 ವರ್ಷ 225 ಲೀಟರಿನ ಓಕ್ ಪೀಪಾಯಿಯಲ್ಲಿ. ರೆಸೆರ್ವಾ 3 ವರ್ಷ, 1 ವರ್ಷ ಪೀಪಾಯಿ, ಕನಿಷ್ಠ 6 ತಿಂಗಳು ಬಾಟಲಿ. ಗ್ರಾನ್ ರೆಸೆರ್ವಾ 5 ವರ್ಷ, 2 ವರ್ಷ ಪೀಪಾಯಿ, 2 ವರ್ಷ ಬಾಟಲಿ. ಹಿಂಬದಿಯ ಪುಟ್ಟ ಸರ್ಕಾರಿ ಚೀಟಿಯ ಬಣ್ಣದಲ್ಲೇ ಗೊತ್ತಾಗುತ್ತೆ: ಸಾಮಾನ್ಯದ್ದು ಹಸಿರು, ಕ್ರಿಯಾನ್ಸಾ ಕೆಂಪು, ರೆಸೆರ್ವಾ ಕಡುಗೆಂಪು, ಗ್ರಾನ್ ರೆಸೆರ್ವಾ ನೀಲಿ.

ಸ್ಪೇನಿನ ಸಾಮಾನ್ಯ ನಿಯಮ ಇದಕ್ಕಿಂತ ಸಡಿಲ. ಬೇರೆ ಪ್ರಾಂತಗಳಲ್ಲಿ ಕ್ರಿಯಾನ್ಸಾಗೆ ಪೀಪಾಯಿಯಲ್ಲಿ 6 ತಿಂಗಳಿದ್ರೂ ಸಾಕು. ರಿಬೇರಾ ದೆಲ್ ದುಯೆರೊದಲ್ಲಿ ರಿಯೋಹಾದ ಹಾಗೇ 12 ತಿಂಗಳು.

ತುಂಗಾತೀರ
ಅಂದ್ರೆ ದುಡ್ಡಿದ್ರೆ ಕಣ್ಮುಚ್ಚಿ ಗ್ರಾನ್ ರೆಸೆರ್ವಾ ತಗೋಬಹುದು.

ಓಕ್‌ಪೀಪಾಯಿ
@ತುಂಗಾತೀರ ಬೇಡ. ಆ ಪದ ವಯಸ್ಸು ಹೇಳುತ್ತೆ, ಗುಣ ಹೇಳಲ್ಲ. ಎರಡು ವರ್ಷ ಓಕ್‌ನಲ್ಲಿದ್ದ ವೈನಿನಲ್ಲಿ ಹಣ್ಣಿನ ವಾಸನೆ ಹಿಂದೆ ಸರಿದು ತೊಗಲು, ತಂಬಾಕು, ಒಣ ಅಂಜೂರ ಮುಂದೆ ಬರುತ್ತೆ. ಅಮೆರಿಕನ್ ಓಕ್ ಆಗಿದ್ರೆ ಮೇಲೆ ಕೊಬ್ಬರಿ, ವೆನಿಲ್ಲಾ. ಹಣ್ಣಿನ ರಸಭರಿತ ರುಚಿ ಬೇಕಾದವರಿಗೆ ಗ್ರಾನ್ ರೆಸೆರ್ವಾ ಸಪ್ಪೆ ಅನ್ನಿಸುತ್ತೆ, ಅವರು ಕ್ರಿಯಾನ್ಸಾದಲ್ಲೇ ಸುಖವಾಗಿರ್ತಾರೆ. ಇನ್ನು ಕೆಲವು ಒಳ್ಳೆ ತಯಾರಕರು ಈ ಪದಗಳನ್ನ ಬೇಕಂತಲೇ ಹಾಕಲ್ಲ. ದೊಡ್ಡ ಪೀಪಾಯಿ ಬಳಸಿದ್ರೆ 225 ಲೀಟರ್ ನಿಯಮಕ್ಕೆ ಹೊಂದಲ್ಲ, ಹಸಿರು ಚೀಟಿ ಅಂಟಿಸಿ ಮಾರ್ತಾರೆ. ಹಾಗಾಗಿ ಹಸಿರು ಚೀಟಿ ಅಂದ್ರೆ ಅಗ್ಗದ್ದು ಅಂತಲೂ ಇಲ್ಲ.

ಪೋರ್ತೊ_ಪಾಟೀಲ
ಪೋರ್ಚುಗಲ್‌ಗೆ ಈ ಲೆಕ್ಕ ಒಯ್ಯಬೇಡಿ. ಅಲ್ಲಿ ‘ರೆಸೆರ್ವಾ’ ಅಂದ್ರೆ ಮದ್ಯಸಾರ ಆ ಪ್ರಾಂತದ ಕನಿಷ್ಠ ಮಿತಿಗಿಂತ 0.5% ಜಾಸ್ತಿ ಇರಬೇಕು, ರುಚಿ ನೋಡೋ ಸಮಿತಿ ಒಪ್ಪಬೇಕು. ಸ್ಪೇನಿನಂತೆ ಇಂತಿಷ್ಟು ವರ್ಷ ಪೀಪಾಯಿ ಅನ್ನೋ ಅರ್ಥ ಇಲ್ಲ. ವಯಸ್ಸು ಹೇಳೋ ಪದ ಬೇಕಾದ್ರೆ ‘ಗರಾಫೇಯ್ರಾ’ ನೋಡಿ: ಕೆಂಪಿಗೆ ಕನಿಷ್ಠ 30 ತಿಂಗಳು, ಅದರಲ್ಲಿ 12 ತಿಂಗಳು ಬಾಟಲಿಯಲ್ಲಿ. ಇಟಲಿಯ ರಿಸರ್ವಾ ಮತ್ತೆ ಊರಿಂದೂರಿಗೆ ಬೇರೆ. ಕ್ಯಾಂಟಿ ಕ್ಲಾಸಿಕೊಗೆ 24 ತಿಂಗಳು, ಬರೋಲೊಗೆ 62. ಮೂರು ದೇಶ, ಒಂದೇ ಪದ, ಮೂರು ಕಾನೂನು.

ಕೆಂಪುಸೀಸೆ
ಇದು ಉಪಯೋಗಕ್ಕೆ ಬಂತು. ಇನ್ನು ಆ ಗಡಿ ದಾಟೋ ದ್ರಾಕ್ಷಿಗಳು?

ಪೋರ್ತೊ_ಪಾಟೀಲ
ಮುಖ್ಯವಾದದ್ದು ಸ್ಪೇನಿನ ಕೆಂಪು ದ್ರಾಕ್ಷಿ ಟೆಂಪ್ರನಿಲ್ಯೊ. ರಿಯೋಹಾದಲ್ಲಿ ಆ ಹೆಸರು. ರಿಬೇರಾ ದೆಲ್ ದುಯೆರೊದಲ್ಲಿ ತಿಂತೊ ಫೀನೊ ಅಥವಾ ತಿಂತಾ ದೆಲ್ ಪಯೀಸ್. ತೋರೊ ಊರಲ್ಲಿ ತಿಂತಾ ದೆ ತೋರೊ. ಲಾ ಮಾಂಚಾದಲ್ಲಿ ಸೆನ್ಸಿಬೆಲ್. ಕತಲೂನ್ಯಾದಲ್ಲಿ ಉಲ್ ದ ಯೆಬ್ರೆ. ಗಡಿ ದಾಟಿ ಪೋರ್ಚುಗಲ್‌ಗೆ ಹೋದ್ರೆ ದೋರು, ದಾಂವ್ ಕಣಿವೆಗಳಲ್ಲಿ ತಿಂತಾ ರೊರಿಸ್, ದಕ್ಷಿಣದ ಅಲೆಂತೇಜುವಿನಲ್ಲಿ ಅರಗೊನೇಶ್.

ಮೆನ್ಸಿಯಾ (ಸ್ಪೇನಿನ ಬಿಯೆರ್ಸೊ) ಮತ್ತು ಜಯೆನ್ (ಪೋರ್ಚುಗಲ್‌ನ ದಾಂವ್) ಒಂದೇ. ಬಿಳಿ ದ್ರಾಕ್ಷಿಗಳಲ್ಲಿ ಗೊದೆಲ್ಯೊ, ಗೊವೇಯು ಒಂದೇ. ಅಲ್ಬರೀನ್ಯೊ, ಅಲ್ವರೀನ್ಯು ಒಂದೇ, ನಡುವೆ ಮೀನ್ಯು ನದಿ ಹರೀತದೆ ಅಷ್ಟೆ. ಗಾರ್ನಾಚಾ ಸಾರ್ದೆನ್ಯಾ ದ್ವೀಪದಲ್ಲಿ ಕನ್ನೊನಾವ್, ಫ್ರಾನ್ಸಿನಲ್ಲಿ ಗ್ರೆನಾಶ್. ಮೊನಾಸ್ತ್ರೆಲ್ ಫ್ರಾನ್ಸಿನ ಮೂರ್ವೆದ್ರ್. ಗಾರ್ನಾಚಾ ತಿಂತೊರೇರಾ ಅಂದ್ರೆ ಅಲಿಕಾಂತೆ ಬುಶೆ, ಅದರ ತಿರುಳೂ ಕೆಂಪು.

ನೆಬ್ಬಿಯಾ
ಇಟಲಿ ಕಡೆಯಿಂದ: ವೆರ್ಮೆಂಟೀನೊ, ಪಿಗಾತೊ, ಫವೊರೀತಾ ಮೂರೂ ಒಂದೇ ಅಂತ ಡಿಎನ್‌ಎ ಹೇಳುತ್ತೆ. ಪುಲ್ಯಾದ ಪ್ರಿಮಿತೀವೊ ಮತ್ತು ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್ ಒಂದೇ. ಅದರ ಮೂಲ ಕ್ರೊಯೇಷಿಯಾ ಅನ್ನೋದು 2001ರಲ್ಲಿ ಖಚಿತವಾಯ್ತು, ಅಲ್ಲಿನ ಹಳೆ ಹೆಸರು ತ್ರಿಬಿದ್ರಾಗ್.

ಹೆಸರು ಒಂದೇ, ದ್ರಾಕ್ಷಿ ಬೇರೆ ಅನ್ನೋ ಪಟ್ಟಿನೂ ಬೇಕು. ವೆರ್ನಾಚಾ: ಸಾನ್ ಜಿಮಿನ್ಯಾನೊದ್ದು ಒಂದು ಬಿಳಿ, ಒರಿಸ್ತಾನೊದ್ದು ಇನ್ನೊಂದು ಬಿಳಿ, ಸೆರ್ರಪೆತ್ರೋನಾದ್ದು ಕೆಂಪು. ವೆರ್ದೆಹೊ (ರುಯೇದಾ) ಮತ್ತು ವೆರ್ದೆಲ್ಯು (ಮದೇಯ್ರಾ) ಬೇರೆ ಬೇರೆ. ತ್ರೆಬ್ಬಿಯಾನೊ ಅಂತೂ ಒಂದು ಗುಂಪು: ಟಸ್ಕನಿಯದ್ದು ಫ್ರಾನ್ಸಿನ ಉನ್ಯಿ ಬ್ಲಾಂ, ಸೊವಾವೆಯದ್ದು ವೆರ್ದಿಕ್ಯೊ.

ತುಂಗಾತೀರ
ತೋರೊದ ಟೆಂಪ್ರನಿಲ್ಯೊ ಕುಡಿದ್ರೆ ರಿಯೋಹಾ ಜೊತೆ ನೆಂಟಸ್ತಿಕೆ ಇದೆ ಅಂತಲೇ ಅನ್ನಿಸಲ್ಲ. ಡಿಎನ್‌ಎ ಒಂದೇ ಅಂದ ಮಾತ್ರಕ್ಕೆ ಒಂದೇ ಅಂತೀರಾ?

ಪೋರ್ತೊ_ಪಾಟೀಲ
@ತುಂಗಾತೀರ ತಳಿ ಒಂದೇ, ನಡವಳಿಕೆ ಬೇರೆ. ತೋರೊದಲ್ಲಿ ತಲೆಮಾರುಗಳಿಂದ ಬಿಸಿಲು, ಬರ ತಡೆಯೋ ಬಳ್ಳಿಗಳನ್ನೇ ಆರಿಸಿ ಕಡ್ಡಿ ನೆಟ್ಟುಕೊಂಡು ಬಂದಿದ್ದಾರೆ. ಹಣ್ಣು ಸಣ್ಣ, ಸಿಪ್ಪೆ ದಪ್ಪ. ಬಣ್ಣ, ಒಗರು ಎರಡೂ ಸಿಪ್ಪೆಯಿಂದ ಬರೋದು. ಮರಳು ನೆಲ ಆದ್ದರಿಂದ ಬಳ್ಳಿಯ ಬೇರು ಕೊಲ್ಲೋ ಫಿಲಾಕ್ಸೆರಾ ಹೇನು ಅಲ್ಲಿ ಅಷ್ಟಾಗಿ ಹಬ್ಬಲಿಲ್ಲ, ಕಸಿ ಇಲ್ಲದ ಹಳೆ ಬಳ್ಳಿಗಳು ಉಳಿದವು. ರಿಯೋಹಾದ ಒಂದು ಭಾಗವಾದ ರಿಯೋಹಾ ಆಲ್ತಾ ತಂಪು, ಹುಳಿ ಉಳಿಯುತ್ತೆ, ತೋರೊದಲ್ಲಿ ಮದ್ಯಸಾರ 14.5%–15% ಸಲೀಸಾಗಿ ಏರುತ್ತೆ. ಇನ್ನು ರುಚಿ ಒಂದೇ ಇರಲಿ ಅಂದ್ರೆ ಹೇಗೆ?

ಕುಡ್ಲದಣ್ಣ
ಅಲ್ಬರೀನ್ಯೊ ವಿಷಯದಲ್ಲಿ ಆಸ್ಟ್ರೇಲಿಯಾದವರು ಪಾಡು ಪಟ್ಟದ್ದು ಯಾರಿಗೂ ನೆನಪಿಲ್ವಾ? ಸ್ಪೇನಿನಿಂದ ತರಿಸಿದ ಕಡ್ಡಿ ಅಲ್ಬರೀನ್ಯೊ ಅಂತ ನಂಬಿ ತೋಟ ಮಾಡಿ ವೈನ್ ಮಾರಿದ್ರು. 2009ರಲ್ಲಿ ಪರೀಕ್ಷೆ ಆಗುವಾಗ ಅದು ಸಾವನ್ಯಾಂ ಅನ್ನುವ ಬೇರೆಯೇ ಬಿಳಿ ದ್ರಾಕ್ಷಿ ಅಂತ ಗೊತ್ತಾಯ್ತು. ಲೇಬಲ್ ಎಲ್ಲ ಬದಲಾಯಿಸ್ಬೇಕಾಯ್ತು.

ದಾವಣಗೆರೆ_ಬೆಣ್ಣೆ
ಇಷ್ಟೆಲ್ಲ ಯಾಕೆ, ಗೋವಾಕ್ಕೆ ಹೋದ್ರೆ ಪೋರ್ಟ್ ವೈನ್ ಅಗ್ಗಕ್ಕೆ ಸಿಗುತ್ತೆ. ಅದೂ ಪೋರ್ಚುಗೀಸರದ್ದೇ ಅಲ್ವಾ 😀

ಪೋರ್ತೊ_ಪಾಟೀಲ
@ದಾವಣಗೆರೆ_ಬೆಣ್ಣೆ ಅಲ್ಲ. ಅದು ಸಿಹಿ ಕೆಂಪು ವೈನಿಗೆ ಇಟ್ಟ ಹೆಸರು. ಪೋರ್ಟ್ ಅಂದ್ರೆ ದೋರು ಕಣಿವೆಯದ್ದು, 1756ರಲ್ಲೇ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಮಾರ್ಕಿಸ್ ಅದರ ಗಡಿ ಗುರುತು ಮಾಡಿಸಿದ. ತೂರಿಗಾ ನಾಸಿಯೊನಾಲ್, ತೂರಿಗಾ ಫ್ರಾಂಕಾ, ತಿಂತಾ ರೊರಿಸ್, ತಿಂತಾ ಬರ್ರೋಕಾ, ತಿಂತು ಕಾಂವ್ ಇವು ಮುಖ್ಯ ತಳಿಗಳು, ಹಳೆ ತೋಟಗಳಲ್ಲಿ ಹತ್ತಾರು ತಳಿ ಕಲಸುಮೇಲೋಗರ.

ಮಾಡೋ ರೀತಿ: ರಸ ಹುದುಗಿ 6–8% ಮದ್ಯಸಾರ ಬಂದ ಕೂಡಲೇ, ಸಕ್ಕರೆ ಇನ್ನೂ ಅರ್ಧ ಉಳಿದಿರುವಾಗ, 77% ದ್ರಾಕ್ಷಿ ಸ್ಪಿರಿಟ್ ಸುರೀತಾರೆ. 435 ಲೀಟರ್ ರಸಕ್ಕೆ ಸುಮಾರು 115 ಲೀಟರ್, ಒಟ್ಟು 550 ಲೀಟರಿನ ಒಂದು ಪೀಪಾಯಿ. ಯೀಸ್ಟ್ ಅಲ್ಲಿಗೆ ಸತ್ತು ಸಿಹಿ ಉಳಿಯುತ್ತೆ, ಮದ್ಯಸಾರ 20% ಆಸುಪಾಸು ನಿಲ್ಲುತ್ತೆ. ಹೊರಗಿಂದ ಸಕ್ಕರೆ ಹಾಕಿದ್ದಲ್ಲ. ಹುದುಗೋ ಅವಧಿ ಎರಡು ಮೂರೇ ದಿನ. ಅಷ್ಟರೊಳಗೆ ಬಣ್ಣ ಇಳಿಸ್ಕೋಬೇಕು, ಅದಕ್ಕೇ ಕಲ್ಲಿನ ತೊಟ್ಟಿಯಲ್ಲಿ ಕಾಲಲ್ಲಿ ತುಳಿಯೋದು. ಬಾಟಲಿ ಕತ್ತಿನ ಮೇಲೆ ನಂಬರ್ ಇರೋ ಖಾತ್ರಿ ಮುದ್ರೆ ಇರುತ್ತೆ. ಅದಿಲ್ಲದಿದ್ರೆ ಪೋರ್ಟ್ ಅಲ್ಲ.

ತೆಗೆದ ಮೇಲೆ ಬಾಳಿಕೆ: ವಿಂಟೇಜ್ (ಒಂದೇ ವರ್ಷದ ಕೊಯ್ಲಿನ ಪೋರ್ಟ್) ಒಂದೆರಡು ದಿನ, ಎಲ್‌ಬಿವಿ (ತಡವಾಗಿ ಬಾಟಲಿಗೆ ತುಂಬಿದ ವಿಂಟೇಜ್) ಒಂದು ವಾರ, ಟಾನಿ (ಪೀಪಾಯಿಯಲ್ಲಿ ಹಣ್ಣಾದ ಕಂದು ಪೋರ್ಟ್) ಫ್ರಿಜ್ಜಿನಲ್ಲಿ ಒಂದು ತಿಂಗಳ ಮೇಲೆ. ಟಾನಿ ಪೀಪಾಯಿಯಲ್ಲೇ ವರ್ಷಗಟ್ಟಲೆ ಗಾಳಿ ಕುಡಿದು ಬಂದಿರೋದರಿಂದ ಹೊಸದಾಗಿ ಕೆಡೋದು ಕಡಿಮೆ. ಪೋರ್ಚುಗಲ್‌ನ ಮದೇಯ್ರಾ ದ್ವೀಪದ ವೈನ್ ಇನ್ನೂ ಗಟ್ಟಿ, ಅದನ್ನ 45–50 ಡಿಗ್ರಿಯಲ್ಲಿ ಕನಿಷ್ಠ 3 ತಿಂಗಳು ಬಿಸಿಗೆ ಇಟ್ಟಿರ್ತಾರೆ, ಒಳ್ಳೆಯದನ್ನ ಬಿಸಿಲಿನ ಅಟ್ಟದಲ್ಲಿ ವರ್ಷಗಟ್ಟಲೆ.

ದೇವನಹಳ್ಳಿ_ದಾಸ
ಸುತ್ತಿ ಬಳಸಿ ನಮ್ಮೂರಿಗೂ ಒಂದು ಕೊಂಡಿ ಇದೆ. ಬೆಂಗಳೂರು ಬ್ಲೂ ದ್ರಾಕ್ಷಿಯನ್ನ ಇಸಬೆಲ್ಲಾ ತಳಿ ಅಂತ ಗುರುತಿಸ್ತಾರೆ, ಅಮೆರಿಕದ ಕಾಡು ದ್ರಾಕ್ಷಿ ಲಾಬ್ರುಸ್ಕಾದ ರಕ್ತ ಬೆರೆತದ್ದು. ಅದೇ ಇಸಬೆಲ್ಲಾದಿಂದ ಇಟಲಿಯವರು ಫ್ರಾಗೊಲೀನೊ, ಪೋರ್ಚುಗಲ್‌ನ ಅಸೋರೆಸ್ ದ್ವೀಪದವರು ವಿನ್ಯು ದ ಶೇಯ್ರು ಮಾಡ್ತಾರೆ. ಇಟಲಿಯಲ್ಲಿ ಅದನ್ನ ವೈನ್ ಅಂತ ಮಾರೋ ಹಾಗಿಲ್ಲ, ಯುರೋಪಿಯನ್ ಒಕ್ಕೂಟ ಈ ತಳಿಗೆ ಒಪ್ಪಿಗೆ ಕೊಟ್ಟಿಲ್ಲ. ಅಂಗಡಿಯಲ್ಲಿ ‘ಫ್ರಾಗೊಲೀನೊ’ ಅಂತ ಸಿಗೋದು ಹೆಚ್ಚಾಗಿ ಬೇರೆ ವೈನಿಗೆ ವಾಸನೆ ಕಟ್ಟಿದ್ದು.

ಹುಬ್ಳಿ_ಗೊಂಚಲು
ಅಂದ್ರ ನಮ್ಮ ಪ್ಯಾಟ್ಯಾಗ ಬುಟ್ಟಿ ತುಂಬ ಮಾರೋ ಹಣ್ಣಿಗೆ ಅಲ್ಲಿ ಬಂದಿ! ಸಾಂಜೊವೇಸೆ ಮಾತ್ರ ಇತ್ಲಾಗ ಬಂದೈತಿ ನೋಡ್ರಿ, ಸೊಲ್ಲಾಪುರ ಜಿಲ್ಲೆದಾಗೂ ಬೆಳೀತಾರ, ಹಂಪಿ ಬೆಟ್ಟದ ಕಡೆನೂ ಬೆಳೀತಾರ.

ತುಂಗಾತೀರ
ಸ್ಪೇನಿನ ಶೆರ್ರಿ ವೈನ್ ಬಗ್ಗೆ ಯಾರೂ ಮಾತಾಡಲಿಲ್ಲ. ಸಿಹಿ ಅಂತ ಬಿಟ್ರಾ?

ಓಕ್‌ಪೀಪಾಯಿ
ಸಿಹಿ ಅನ್ನೋದೇ ದೊಡ್ಡ ತಪ್ಪು ಕಲ್ಪನೆ. ಫೀನೊ ಅನ್ನೋ ಶೆರ್ರಿಯಲ್ಲಿ ಸಕ್ಕರೆ ಹೆಚ್ಚುಕಡಿಮೆ ಸೊನ್ನೆ. ಪಲೊಮೀನೊ ದ್ರಾಕ್ಷಿ, ಅಲ್ಬಾರೀಸಾ ಅನ್ನೋ ಸುಣ್ಣದ ಬಿಳಿ ನೆಲ. ವೈನಿನ ಮದ್ಯಸಾರವನ್ನ 15%ಕ್ಕೆ ಏರಿಸಿ ಪೀಪಾಯಿಯನ್ನ ಪೂರ್ತಿ ತುಂಬಿಸದೆ ಬಿಟ್ರೆ ಮೇಲೆ ಫ್ಲೋರ್ ಅನ್ನೋ ಯೀಸ್ಟಿನ ಪರದೆ ಕಟ್ಟುತ್ತೆ. ಅದು ಗಾಳಿ ತಾಗದ ಹಾಗೆ ಕಾಯುತ್ತೆ. 17% ದಾಟಿಸಿದ್ರೆ ಪರದೆ ಸಾಯುತ್ತೆ, ಗಾಳಿ ತಾಗಿ ಒಲೊರೊಸೊ ಅನ್ನೋ ಕಂದು ಬಣ್ಣದ ಶೆರ್ರಿ ಆಗುತ್ತೆ. ಸಿಹಿ ಬೇಕಾದ್ರೆ ಪೇದ್ರೊ ಹಿಮೇನೆಸ್, ಬಿಸಿಲಲ್ಲಿ ಒಣಗಿಸಿದ ದ್ರಾಕ್ಷಿಯದು, ಕಾಕಂಬಿಯಷ್ಟು ದಪ್ಪ.

ಫೀನೊ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಬಾರಿನಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟದ್ದನ್ನ ಕುಡಿದು ‘ಚೆನ್ನಾಗಿಲ್ಲ’ ಅಂದ್ರೆ ಆ ಪಾಪದ ಪಲೊಮೀನೊದ್ದೇನು ತಪ್ಪು?

ಕೆಂಪುಸೀಸೆ
ಕೊನೆಗೊಂದು. ಕೆಂಪು ವೈನನ್ನ ಕೋಣೆಯ ಶಾಖದಲ್ಲಿ ಕುಡೀಬೇಕು ಅಂತಾರೆ. ಬೇಸಿಗೆಯಲ್ಲಿ ನಮ್ಮ ಕೋಣೆ 30 ಡಿಗ್ರಿ.

ನೆಬ್ಬಿಯಾ
ಆ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆ ಮನೆಗಳಲ್ಲಿ. ಬರೋಲೊ, ಗ್ರಾನ್ ರೆಸೆರ್ವಾ 16–18 ಡಿಗ್ರಿ. ಮೆನ್ಸಿಯಾ, ಬರ್ಬೆರಾ 14. ಅಲ್ಬರೀನ್ಯೊ 8–10. ಫೀನೊ 7–9. ‘ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ’ ಅನ್ನೋ ಸಲಹೆ ಕೋಣೆ 21 ಡಿಗ್ರಿ ಇದ್ದಾಗಿನದ್ದು. 28–30ರಿಂದ 18ಕ್ಕೆ ಇಳೀಬೇಕಾದ್ರೆ ಫ್ರಿಜ್ಜಿನಲ್ಲಿ ಒಂದೂವರೆ ಗಂಟೆ ಬೇಕು. ಅವಸರ ಇದ್ರೆ ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಉಪ್ಪು. ಬಾಟಲಿ ಕತ್ತಿನವರೆಗೆ ಮುಳುಗಿಸಿದ್ರೆ 10 ನಿಮಿಷ ಸಾಕು. ಬರೀ ಐಸ್ ಹಾಕಿದ್ರೆ ನಡುವೆ ಗಾಳಿ ನಿಂತು ತಣಿಯೋದು ನಿಧಾನ.

ಊಟದ ಖಾರ ಜಾಸ್ತಿ ಇದ್ರೆ ಬರೋಲೊ, ತೋರೊ ಎರಡೂ ಬೇಡ. ಒಗರೂ ಮದ್ಯಸಾರವೂ ಮೆಣಸಿನ ಉರಿಯನ್ನ ಏರಿಸುತ್ತವೆ. 11% ಆಸುಪಾಸಿನ ಪೋರ್ಚುಗಲ್‌ನ ಹಗುರ ವೈನ್ ವಿನ್ಯು ವೆರ್ದೆ, ಇಲ್ಲಾ ಇಟಲಿಯ ಗುಳ್ಳೆ ಬರೋ ಕೆಂಪು ವೈನ್ ಲಂಬ್ರುಸ್ಕೊ ತಣ್ಣಗಿದ್ದರೆ ನಡೆಯುತ್ತೆ.

ಕುಡ್ಲದಣ್ಣ
ಮೀನಿನ ಗಸಿಗೆ ಅಲ್ಬರೀನ್ಯೊ ಆಗ್ತದಾ?

ನೆಬ್ಬಿಯಾ
@ಕುಡ್ಲದಣ್ಣ ಗಸಿಗಿಂತ ರವೆ ಹಾಕಿ ಹುರಿದ ಕಾಣೆಗೆ ಚೆನ್ನಾಗಿ ಹೊಂದುತ್ತೆ. ಗಸಿಯ ಹುಣಸೆ ಹುಳಿ ವೈನಿನ ಹುಳಿಗಿಂತ ಜೋರಾದ್ರೆ ವೈನ್ ನೀರಿನ ಹಾಗೆ ಸಪ್ಪೆ ಆಗುತ್ತೆ. ಹುಣಸೆ ಕಮ್ಮಿ ಮಾಡಿ, ತೆಂಗಿನಕಾಯಿ ಜಾಸ್ತಿ ಹಾಕಿದ್ರೆ ಗೊದೆಲ್ಯೊ ನೋಡಿ, ಅದು ಸ್ವಲ್ಪ ಮೈ ತುಂಬಿದ ವೈನ್.

ಕುಡ್ಲದಣ್ಣ
ಹುಣಸೆ ಕಮ್ಮಿ ಮಾಡಿದ್ರೆ ಅದು ಗಸಿ ಅಲ್ಲ ಮಾರಾಯ್ರೆ. ವೈನೇ ಬದಲಾಗ್ಲಿ.